ಡ್ರೈವರ್‌ಗೆ ಬರೆದದ್ದು

ನಮ್ಮೂರು ದುಬಲಗುಂಡಿಯಲ್ಲಿ ನನ್ನ ಹೆಸರು ಎಲ್ಲರ ಬಾಯಿಗೆ ಬಿದ್ದದ್ದು ಒಂದು ಫೋನ್ ಕರೆಯಿಂದ. ತಪ್ಪು ನನ್ನದೇ. ಫೋನಿನಲ್ಲಿ ಮಾತಾಡುವಾಗ ನನ್ನ ದನಿ ತಾನಾಗಿ ಏರುತ್ತದೆ. ಅವ್ವ ಎಷ್ಟು ಬೈದರೂ ಅದು ಇಳಿದಿಲ್ಲ.

ಅವತ್ತು ಬೆಳಿಗ್ಗೆ ಎಂಟೂಕಾಲರ ಹುಮನಾಬಾದ್ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ನಾನು ಕೆಲಸ ಮಾಡುವ ವರ್ಕ್‌ಶಾಪಿನ ಮಾಲೀಕ ಸಿರಾಜುದ್ದೀನ್ ಭಾಯಿಯ ಫೋನು ಬಂತು.

"ಹೌದ್ರಿ ಭಾಯ್, ಡ್ರೈವರ್ ಬರಿಯಾಕತ್ತೇನಿ. ಇಲ್ರಿ, ಪೂರಾ ಆಗಿಲ್ಲ. ಎಂಟು ದಿನದಿಂದ ಮನ್ಯಾಗ ಕುಂತು ಅದನ್ನೇ ಬರಿಯಾಕತ್ತೇನಿ. ಒಂದ್ ಸಾಲು ಬರಿತೀನಿ, ಎರಡು ಅಳಸ್ತೀನಿ. ತಲ್ಯಾಗ ಅದೇ ಕುಂತದ, ಊಟಾ ಸುದ್ದಾ ಸೇರವಲ್ದು."

ಭಾಯಿಯದು ತೂಕದ ಕಾಟಾ ರಿಪೇರಿಯ ಅಂಗಡಿ. ಈಗ ಅವರು ಒಂದು ಹೊಸ ಪೆಟ್ಟಿಗೆ ಮಾಡಿಸುತ್ತಿದ್ದರು. ಒಳಗೆ ಅಂಗೈಯಗಲದ ಕಂಪ್ಯೂಟರ್. ಯಾವ ಕಂಪನಿಯ ಕಾಟಾ ಜೋಡಿಸಿದರೂ ತೂಕ ದೊಡ್ಡ ಬೋರ್ಡಿನ ಮೇಲೆ ಬರಬೇಕು. ಅದಕ್ಕಾಗಿ ಒಂದೊಂದು ನಮೂನೆಯ ಕಾಟಾಕ್ಕೆ ಒಂದೊಂದು ಪುಟ್ಟ ಪ್ರೋಗ್ರಾಂ ಬರೆಯಬೇಕಾಗುತ್ತದೆ. ಆ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಅದನ್ನು ಬರೆಯುವುದು ನನ್ನ ಕೆಲಸ.

ಇದು ನನಗೆ ಗೊತ್ತು, ಭಾಯಿಗೆ ಗೊತ್ತು. ನನ್ನ ಪಕ್ಕದಲ್ಲಿ ಮೊಸರಿನ ಕ್ಯಾನು ಇಟ್ಟುಕೊಂಡು ಕುಳಿತಿದ್ದ ನಮ್ಮೂರ ಮಾಣಿಕಮ್ಮನಿಗೆ ಹೇಗೆ ಗೊತ್ತಾಗಬೇಕು? ‘ಡ್ರೈವರ್’ಗೂ ‘ಬರಿಯಾಕತ್ತೇನಿ’ಗೂ ನಡುವೆ ನಾನು ಹೇಳದೇ ಇದ್ದ ಒಂದು ‘ಗ’ ಅಕ್ಷರವನ್ನು ಆಕೆ ತಾನೇ ಹಾಕಿಕೊಂಡಳು. ಮಯೂರಿ ಡ್ರೈವರ್‌ಗ ಬರಿಯಾಕತ್ತಾಳ. ಎಂಟು ದಿನದಿಂದ. ಊಟ ಬಿಟ್ಟು.

ಬಸ್ಸು ಓಡಿಸುತ್ತಿದ್ದವನೂ ಅದನ್ನೇ ಕೇಳಿಸಿಕೊಂಡಿದ್ದ. ತಲೆಯ ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು ನನ್ನ ಕಡೆ ಬಂದು, ಬೆಚ್ಚಿ, ರಸ್ತೆಗೆ ಮರಳಿದ್ದನ್ನು ನಾನು ನೋಡಿದೆ. ಇವನಿಗೇನಾಯಿತು ಎಂದುಕೊಂಡು ಸುಮ್ಮನಾದೆ.

ಅವನ ಹೆಸರು ಸಮ್ಯಕ. ರಾಜೇಶ್ವರ ಊರಿನವನು. ಒಂದು ವಾರ ಅವನು ಬಸ್ಸನ್ನು ನಮ್ಮೂರಿನ ಗುಂಡಿಗಳ ಮೇಲೆ ಹೂವಿನ ಬುಟ್ಟಿ ಒಯ್ದಂತೆ ಒಯ್ದ. ವಾರದ ಕೊನೆಗೆ ಹುಮನಾಬಾದ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಗಂಟಲು ಸರಿಮಾಡಿಕೊಂಡ.

"ಮೇಡಂ, ಒಂದ್ ಮಾತು ಕೇಳಲ್ಯಾ? ಏನೋ ಬರಿಯಾಕತ್ತಿದ್ರೆಲ್ಲಾ. ಪೂರಾ ಆತೇನ್ರಿ?"

ಇವನಿಗೂ ಕಂಪ್ಯೂಟರಿನ ಆಸಕ್ತಿ ಇದೆ ಎಂದು ನನಗೆ ಖುಷಿಯಾಯಿತು. "ಎಲ್ಲಿ ಪೂರಾ ರೀ! ಹೆಸರು ಕೂಡ್ಯಾವ. ಆದ್ರ ಕರದ್ರ ಓ ಅನ್ನವಲ್ದು."

ಅವನ ಕಿವಿ ಕೆಂಪಾದವು. "ಒಮ್ಮಿ ಕರದು ನೋಡ್ರಲ್ಲಾ. ಓ ಅಂತದ."

"ಏನು ಓ ಅಂತದ?"

"ನಾನು ರೀ."

ನನಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ನಗು ತಡೆಯಲಾಗದೆ ಬಸ್ಸಿನ ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ಅವನು ಸ್ಟೇರಿಂಗ್ ಹಿಡಿದುಕೊಂಡು ನೆಲದೊಳಗೆ ಇಳಿದುಹೋಗುವವನಂತೆ ಕುಳಿತಿದ್ದ. ಆಮೇಲೆ ನನಗೇ ಪಾಪ ಅನ್ನಿಸಿತು.

"ನಾ ಡ್ರೈವರ್‌ಗ ಬರಿಯಂಗಿಲ್ರಿ. ಡ್ರೈವರನ್ನೇ ಬರಿತೀನಿ."

"ನನ್ನನ್ನ?"

"ನಿಮ್ಮನ್ನಲ್ಲರಿ!"

ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ನಾನು ಅವನಿಗೆ ತಿಳಿಸಿ ಹೇಳಲು ಕುಳಿತೆ.

"ಕಂಪ್ಯೂಟರ್‌ನ ನಟ್ಟನಡುವ ಕರ್ನಲ್ ಅಂತ ಒಂದು ಇರ್ತದ. ನಿಮ್ಮ ಡಿಪೋ ಇದ್ದಂಗ. ಈಗ ಪ್ಯಾಸೆಂಜರ್ ಬಂದು ಏನಂತಾರ?"

"ಹುಮನಾಬಾದ್ ಒಂದು ಕೊಡ್ರಿ ಅಂತಾರ."

"ಗೇರ್ ಹ್ಯಾಂಗ ಹಾಕ್ತೀರಿ, ಕ್ಲಚ್ ಎಷ್ಟು ಒತ್ತತೀರಿ ಅಂತ ಕೇಳ್ತಾರೇನು?"

"ಕೇಳಿದ್ರ ಇಳಸ್ತೀನಿ."

"ಹಾಂ. ಕರ್ನಲ್ ಮ್ಯಾಲಿರೋ ಪ್ರೋಗ್ರಾಮೂ ಹಂಗೇ. ತೆರಿ, ಓದು, ಬರಿ, ಮುಚ್ಚು. ಇಷ್ಟೇ ಅದಕ್ಕ ಬರೋ ಮಾತು. ಕೆಳಗ ಇರೋದು ಕಾಟಾನೋ ಪ್ರಿಂಟರೋ ಅದಕ್ಕ ಬೇಕಾಗಿಲ್ಲ. ಆ ಮಾತನ್ನ ಆಯಾ ಗಾಡಿಗಿ ತಿಳಿಯೋ ಹಂಗ ಮಾಡಾಂವ ಡ್ರೈವರ್."

"ಮತ್ತ ಇಂಥಾ ಗಾಡಿಗಿ ಇಂಥಾ ಡ್ರೈವರ್ ಅಂತ ಗಂಟು ಹಾಕೋರು ಯಾರ್ರೀ?"

"ಬಸ್."

"ಆಂ?"

"ಖರೇನರಿ, ಅದರ ಹೆಸರೇ ಬಸ್. ಅದರ ಹತ್ರ ಎರಡು ಪಟ್ಟಿ ಇರ್ತಾವ. ಒಂದರಾಗ ಗಾಡಿಗೋಳು, ಇನ್ನೊಂದರಾಗ ಡ್ರೈವರ್‌ಗೋಳು. ತನಗ ಯಾವ ಯಾವ ಗಾಡಿ ನಡಸಾಕ ಬರ್ತದ ಅಂತ ಪ್ರತಿ ಡ್ರೈವರ್ ಹೆಸರು ಬರದು ಕೊಟ್ಟಿರ್ತಾನ. ಹೊಸಾ ಗಾಡಿ ಬರ್ಲಿ, ಹೊಸಾ ಡ್ರೈವರ್ ಬರ್ಲಿ, ಬಸ್ ಎರಡೂ ಪಟ್ಟಿ ಹಿಡಕೊಂಡು ತಾಳಿ ನೋಡ್ತದ."

"ತಾಳಿ?"

"ತಾಳೆ ರೀ, ತಾಳೆ! ಹೆಸರು ಹೊಂದ್ತದೋ ಇಲ್ಲೋ ಅಂತ." ಈಗ ಕಿವಿ ಕೆಂಪಾಗುವ ಸರದಿ ನನ್ನದು. ಅವನು ಗೆದ್ದವನಂತೆ ಮೀಸೆಯಡಿ ನಕ್ಕ.

"ಹೆಸರು ಕೂಡಿತು ಅಂದ್ರ ಜೋಡಿ ಆದಂಗೇನ್ರಿ?"

"ಅಷ್ಟಕ್ಕ ಆಗಂಗಿಲ್ಲ. ಆಮ್ಯಾಲ ಡ್ರೈವರ್‌ನ ಕರದು, ಹೋಗಿ ಗಾಡಿ ನೋಡಿ ಬಾ ಅಂತಾರ. ಪ್ರೋಬ್ ಅಂತ ಅದಕ್ಕ. ನೋಡಿ ಹೂಂ ಅಂದ್ರ ಜೋಡಿ. ನಂದು ಅಲ್ಲೇ ಕೆಡಾಕತ್ತದ."

"ಇದು ನಾವು ದಿನಾ ಮಾಡೋದೇ ಬಿಡ್ರಿ," ಎಂದ ಅವನು. "ಚಾರ್ಟ್‌ನಾಗ ನನ್ನ ಹೆಸರಿನ ಮುಂದ ಗಾಡಿ ನಂಬರ್ ಹಾಕಿರ್ತಾರ. ನಾ ಹೋಗಿ ಎಣ್ಣಿ, ಹವಾ, ಬ್ರೇಕ್ ನೋಡ್ತೀನಿ. ಆದ್ರ ಅಲ್ಲಿ ಬರಿಯೋ ಮಾತು ಹುಷಾರ್ ಇರ್ಬೇಕ್ರಿ. ‘ಡೀಸೆಲ್ ಬಂದಿಲ್ಲ’ ಅಂತ ಬರದ್ರ ಡೀಸೆಲ್ ಬಂದ ಮ್ಯಾಲ ಹೊಳ್ಳಿ ಕರಿತಾರ. ‘ಗಾಡಿ ಕೆಟ್ಟದ’ ಅಂತ ಬರದ್ರ ಮೂಲ್ಯಾಗ ನಿಂದರಸ್ತಾರ. ಮತ್ತ ಯಾರೂ ಕೇಳಂಗಿಲ್ಲ."

ಈ ಮಾತನ್ನು ಆಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ‘ಹುಷಾರ್’ ಎನ್ನುವಾಗ ಅವನ ಎಡ ಹುಬ್ಬು ಒಂದೇ ಮೇಲೇರುತ್ತದೆ. ನಾನು ಅದನ್ನು ನೋಡುತ್ತಿದ್ದೆ.

ಅಂದಿನಿಂದ ಆ ಹತ್ತು ನಿಮಿಷ ನಮ್ಮದಾಯಿತು. ಅವನು ದಿನವೂ ಒಂದು ಪ್ರಶ್ನೆ ತರುತ್ತಿದ್ದ. ಒಂದು ಡ್ರೈವರ್ ಹತ್ತು ಗಾಡಿ ನಡೆಸಬಹುದೇ? ಒಂದೇ ನಮೂನೆಯವಾದರೆ ನಡೆಸಬಹುದು. ಗಾಡಿ ಹೊರಟುಹೋದರೆ ಡ್ರೈವರ್ ಏನು ಮಾಡುತ್ತಾನೆ? ತಾನು ಹಿಡಿದದ್ದನ್ನೆಲ್ಲ ಬಿಟ್ಟುಕೊಟ್ಟು ಸುಮ್ಮನೆ ಕಾಯುತ್ತಾನೆ.

ಒಂದು ದಿನ ಕನ್ನಡಿ ಒರೆಸುತ್ತ ಕೇಳಿದ. "ನಿಮ್ಮ ಪಟ್ಟಿಯಾಗ ನನ್ನ ಹೆಸರು ಅದ ಏನ್ರಿ?"

"ಇನ್ನೂ ಬರದಿಲ್ಲ," ಎಂದೆ. ಹಾಗೆ ಹೇಳಿ ಇಳಿದವಳು ವರ್ಕ್‌ಶಾಪಿನ ತನಕ ನಗುತ್ತಲೇ ನಡೆದೆ. ಸಂಜೆ ಅವ್ವ ದ್ರೌಪತಿ, "ಏನವ್ವಾ, ಮಾರಿ ಮ್ಯಾಲ ಏನ್ ಹಚಗೊಂಡೀದಿ?" ಎಂದಳು. ಏನೂ ಹಚ್ಚಿಕೊಂಡಿರಲಿಲ್ಲ.

ಎಲ್ಲವನ್ನೂ ಕೆಡಿಸಿದ್ದು ನನ್ನ ಸಿಟ್ಟು. ಅದು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

ಅಪ್ಪ ಲಾಲಪ್ಪ ಮಂದಿಯ ಹೊಲದಲ್ಲಿ ದುಡಿದು ನನಗೆ ಡಿಪ್ಲೊಮಾ ಓದಿಸಿದವನು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವನಿಗೆ ಅಂದು ಹಬ್ಬ. ಊರ ಬಸ್ ನಿಲ್ಲುವಲ್ಲಿ ಒಂದು ಚಹಾದಂಗಡಿ ಇದೆ. ಅಲ್ಲಿ ಯಾರೋ ಕೇಳಿದರಂತೆ. ಅಪ್ಪ ಎದೆ ಸೆಟೆಸಿ, "ನನ್ನ ಮಗಳು ಡ್ರೈವರ್ ಬರೀತಾಳ," ಎಂದನಂತೆ. "ಗೊತ್ತದ ಬಿಡು ಲಾಲಪ್ಪ. ಯಾವ ಡ್ರೈವರ್‌ಗ ಅನ್ನೋದೂ ಗೊತ್ತದ," ಎಂದು ಇನ್ನೊಬ್ಬ ಅಂದನಂತೆ. ಅಂಗಡಿಯೆಲ್ಲ ನಕ್ಕಿತಂತೆ.

ಅಪ್ಪ ಆ ಸಂಜೆ ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ. ಕಾರಣವನ್ನು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ರಕ್ತ ಕುದಿಯಿತು.

ಮರುದಿನ ಶುಕ್ರವಾರ. ನಾನು ಬಸ್ ಹತ್ತುವಾಗ ಸಮ್ಯಕ ಅಂಗಿಯ ಕಿಸೆಯಿಂದ ಒಂದು ಹೊಸ ನೀಲಿ ಪೆನ್ನು ತೆಗೆದ. ದನಿ ಬಹಳ ಸಣ್ಣದು ಮಾಡಿಕೊಂಡು, "ಕಂಪ್ಯೂಟರ್‌ಗ ಬರದದ್ದು ಸಾಕ್ರಿ. ನನಗೂ ಒಂದು ಬರೀರಲ್ಲಾ. ನಗಚಾಟಿಗಿ ಅಲ್ರಿ, ಮನಸಿನಿಂದ ಕೇಳಾಕತ್ತೇನಿ," ಎಂದ.

ಬೇರೆ ಯಾವ ದಿನವಾದರೂ ನಾನು ಆ ಪೆನ್ನು ತೆಗೆದುಕೊಳ್ಳುತ್ತಿದ್ದೆ. ಅವತ್ತು ಹಿಂದೆ ಮಾಣಿಕಮ್ಮ ಮೊಳಕೈಯಿಂದ ಪಕ್ಕದವಳನ್ನು ತಿವಿದದ್ದು ಕಂಡಿತು.

"ನಾ ಯಾವ ಡ್ರೈವರ್‌ಗೂ ಬರದಿಲ್ಲ, ಬರಿಯಂಗೂ ಇಲ್ಲ!" ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ. "ಇನ್ನ ಮ್ಯಾಲ ಕೇಳಬ್ಯಾಡ್ರಿ."

"ಆತ್ರಿ," ಎಂದ. ಪೆನ್ನನ್ನು ಕಿಸೆಗೆ ಸೇರಿಸಿ ಗಾಡಿ ಚಾಲೂ ಮಾಡಿದ. ಹುಮನಾಬಾದ್ ಬರುವ ತನಕ ಆ ಕಣ್ಣುಗಳು ಒಮ್ಮೆಯೂ ಒಳಗಿನ ಕನ್ನಡಿಗೆ ಬರಲಿಲ್ಲ.

ಶನಿವಾರ ನಾನು ಹಟಕ್ಕೆ ಟಂಟಂ ಆಟೋ ಹತ್ತಿ ಹೋದೆ. ಸೋಮವಾರ ಬಸ್ಸಿನಲ್ಲಿ ಬೇರೆ ಡ್ರೈವರ್ ಇದ್ದ. ಕಂಡಕ್ಟರ್ ಗಜಾಲಾ ನನ್ನ ಆಧಾರ್ ನೋಡಿ ಝೀರೋ ಟಿಕೆಟ್ ಹರಿಯುತ್ತ, ಕೇಳದಿದ್ದರೂ ಹೇಳಿದಳು.

"ಸಮ್ಯಕಣ್ಣ ತಾನೇ ಬರದು ಕೊಟ್ಟು ಬದಲಿ ಮಾಡಿಸ್ಕೊಂಡ. ಈಗ ಬಸವಕಲ್ಯಾಣದಿಂದ ಹುಲಸೂರ ಬಸ್ ಮ್ಯಾಲ ಹೊಂಟಾನ. ತನ್ನ ಸಲುವಾಗಿ ನಿಮ್ಮ ಹೆಸರು ಮಂದಿ ಬಾಯಾಗ ಬರಬಾರ್ದಂತ. ಸದ್ಯ ಎಂಟು ದಿನದ ಮಟ್ಟಿಗಿ. ಮುಂದಿನ ಸೋಮವಾರ ಕಾಯಂ ಅಂತ ಅರ್ಜಿ ಕೊಡ್ತಾನಂತ."

ಸಿಟ್ಟು ಅಷ್ಟು ಹೊತ್ತಿಗೆ ಎಲ್ಲಿಗೋ ಹೋಗಿತ್ತು. ಅದರ ಜಾಗದಲ್ಲಿ ಏನೂ ಇರಲಿಲ್ಲ. ಹುಮನಾಬಾದ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಎಷ್ಟು ಉದ್ದ ಎಂದು ಆ ವಾರ ನನಗೆ ತಿಳಿಯಿತು.

ಗುರುವಾರ ವರ್ಕ್‌ಶಾಪಿನಲ್ಲಿ ಪೆಟ್ಟಿಗೆ ಮತ್ತೆ ಕೈಕೊಟ್ಟಿತು. ಕರೆಂಟ್ ಹಾಕಿದರೆ ಬೋರ್ಡು ಖಾಲಿ. ನಾನು ಡ್ರೈವರನ್ನು ಕೈಯಿಂದ ತೆಗೆದು ಮತ್ತೆ ಹಾಕಿದರೆ ಮಾತ್ರ ತೂಕ ಬರುತ್ತಿತ್ತು.

"ಬೇಟಿ, ಶನಿವಾರ ಬಸವಕಲ್ಯಾಣದಾಗ ಗಿರಾಕಿಗಿ ತೋರಸಬೇಕು," ಎಂದರು ಸಿರಾಜುದ್ದೀನ್ ಭಾಯಿ. "ದಿನಾ ಮುಂಜಾನೆ ಅವರ ಅಂಗಡಿಗಿ ಹೋಗಿ ನೀನೇ ತಗದು ಹಾಕ್ತೀಯೇನು?"

ಕರ್ನಲ್ ಬರೆದಿಟ್ಟ ದಿನಚರಿಯನ್ನು ಸಾಲು ಸಾಲಾಗಿ ಓದಿದೆ. ಬಸ್ ಹೆಸರು ತಾಳೆ ನೋಡಿತ್ತು, ಹೆಸರು ಕೂಡಿತ್ತು, ನನ್ನ ಡ್ರೈವರನ್ನು ಕರೆದಿತ್ತು. ಡ್ರೈವರ್ ಹೋಗಿ ನೋಡಿದರೆ ಕಾಟಾಕ್ಕೆ ಕರೆಂಟಿಲ್ಲ. ಕರೆಂಟ್ ಕೊಡುವ ಭಾಗಕ್ಕೂ ಒಬ್ಬ ಡ್ರೈವರ್ ಇರುತ್ತಾನೆ, ಅವನು ಇನ್ನೂ ಬಂದು ಕುಳಿತಿರಲಿಲ್ಲ. ಹಾಗಾದಾಗ ಏನು ಉತ್ತರ ಕೊಡಬೇಕು ಎಂದು ಬರೆದವಳು ನಾನೇ. ‘ಇಂಥ ಸಾಧನ ಇಲ್ಲವೇ ಇಲ್ಲ’ ಎಂದು ಬರೆದಿದ್ದೆ. ಕರ್ನಲ್ ನನ್ನ ಮಾತು ನಂಬಿತು. ಮತ್ತೆ ಕೇಳಲಿಲ್ಲ.

ಗಾಡಿ ಕೆಟ್ಟದ ಅಂತ ಬರದ್ರ ಮತ್ತ ಯಾರೂ ಕೇಳಂಗಿಲ್ಲ.

ಮೇಲೇರಿದ ಆ ಎಡ ಹುಬ್ಬಿನ ಸಮೇತ ಮಾತು ಕಿವಿಗೆ ಮರಳಿ ಬಂತು. ಕರ್ನಲ್‌ಗೆ ಇನ್ನೊಂದು ಉತ್ತರವೂ ತಿಳಿಯುತ್ತದೆ. ‘ಈಗಲ್ಲ, ಆಮೇಲೆ ಕೇಳು’ ಎಂಬ ಉತ್ತರ. ಹಾಗೆಂದವರನ್ನು ಅದು ಕಾಯುವವರ ಪಟ್ಟಿಯಲ್ಲಿ ಇಡುತ್ತದೆ. ಎಲ್ಲಿಯಾದರೂ ಬೇರೆ ಒಂದು ಜೋಡಿ ಕೂಡಿತೋ, ಕಾಯುತ್ತಿರುವವರನ್ನೆಲ್ಲ ಮತ್ತೊಮ್ಮೆ ಕೇಳುತ್ತದೆ. ಬೇಸರಪಡದೆ, ಸಿಟ್ಟಾಗದೆ ಕೇಳುತ್ತದೆ.

ನಾನು ಬದಲಿಸಿದ್ದು ಒಂದೇ ಸಾಲು. ಭಾಯಿ ಕರೆಂಟ್ ಹಾಕಿ ಕಾಟಾದ ಮೇಲೆ ಐದು ಕಿಲೋ ಕಲ್ಲು ಇಟ್ಟರು. ಬೋರ್ಡಿನ ಮೇಲೆ ಕೆಂಪು ಅಂಕಿಯಲ್ಲಿ ಐದು ಬಂತು.

"ಶಾಬಾಶ್! ಯಾಕ ಬೇಟಿ, ಕಣ್ಣಾಗ ನೀರು?"

"ಖುಷಿಗಿ ರೀ," ಎಂದೆ. ಸುಳ್ಳು. ನನಗೆ ಅವನ ಮೇಲೆ ಮನಸ್ಸಿತ್ತು. ಮೊದಲ ದಿನ ಮೆಟ್ಟಿಲ ಮೇಲೆ ನಕ್ಕಾಗಿನಿಂದ ಇತ್ತು. ಆ ಶುಕ್ರವಾರ ನನ್ನಲ್ಲಿ ಇಲ್ಲದೇ ಹೋದದ್ದು ಮಂದಿಯ ಎದುರು ನಿಲ್ಲುವ ಧೈರ್ಯ ಅಷ್ಟೇ. ನಾನು ಹೇಳಬೇಕಾಗಿದ್ದದ್ದು ‘ತಡೀರಿ’ ಎಂಬ ಮಾತು. ಹೇಳಿದ್ದು ‘ಇಲ್ಲ’.

ಆದರೆ ಅಪ್ಪನನ್ನು ಹೇಗೆ ಎದುರಿಸುವುದು? ಸಂಜೆ ಅವನ ಪಕ್ಕದಲ್ಲಿ ಕುಳಿತು ಕೇಳಿಯೇಬಿಟ್ಟೆ.

"ಅಪ್ಪಾ, ನನ್ನ ಸಲುವಾಗಿ ಮಂದ್ಯಾಗ ನಿನಗ ನಾಚಿಕಿ ಆತು."

"ನಾಚಿಕಿ?" ಅಪ್ಪ ನಿಜಕ್ಕೂ ಬೆರಗಾದ. "ನಗೋರು ನಗ್ಲಿ ಬಿಡವ್ವಾ. ನನಗ ಬ್ಯಾಸರ ಆಗಿದ್ದು ಬ್ಯಾರೇನ. ನನ್ನ ಮಗಳು ಏನ್ ಬರೀತಾಳ ಅಂತ ತಿಳಿಸಿ ಹೇಳಾಕ ನನಗ ಬರಲಿಲ್ಲಲ್ಲ, ಅದಕ್ಕ." ಆಮೇಲೆ ಅವನ ಮುಖ ಅರಳಿತು. "ಆ ಬಸ್ಸಿನ ಹುಡುಗ ಹೇಳ್ದ ನೋಡು."

"ಯಾವ ಹುಡುಗ?"

"ಸಮ್ಯಕ. ಮಂದಿ ನಕ್ಕಿದ್ದು ಅವನ ಕಿವಿಗೂ ಬಿದ್ದಿತ್ತಂತ. ಹೋದ ಶನಿವಾರ. ಚಹಾದಂಗಡ್ಯಾಗ ಎಲ್ಲಾರ ಚಹಾದ ಕಪ್ಪು, ಬಸಿ ಇಸಕೊಂಡು ಸಾಲಾಗಿ ಇಟ್ಟ. ಕಪ್ಪು ಅಂದ್ರ ಗಾಡಿ, ಬಸಿ ಅಂದ್ರ ಡ್ರೈವರ್. ಯಾವ ಕಪ್ಪಿಗಿ ಯಾವ ಬಸಿ ಕೂಡ್ತದ, ಅದನ್ನ ಯಾರು ಕೂಡಸ್ತಾರ, ಎಲ್ಲಾ ಹೇಳ್ದ. ನಕ್ಕಾವನೇ ಬಾಯಿ ತಕ್ಕೊಂಡು ಕೇಳ್ದ. ಕಡೀಕ ಎದ್ದು ನಿಂತು, ‘ಕಾಕಾ ಹೇಳಿದ್ದು ಬರೋಬರಿ ಅದ. ಅವರು ಡ್ರೈವರ್ ಬರೀತಾರ. ಯಾವ ಡ್ರೈವರ್‌ಗೂ ಬರದಿಲ್ಲ’ ಅಂದ. ನನಗ ಜೈಭೀಮ್ ಹೇಳಿ ಹೋದ."

ನಾನು ಎಲ್ಲರ ಎದುರು ಅವನ ಮೇಲೆ ಕೂಗಾಡಿದ್ದು ಶುಕ್ರವಾರ. ಅದರ ಮರುದಿನ ಅವನು ಹೋಗಿ ನನ್ನ ಅಪ್ಪನ ಮಾತು ಉಳಿಸಿದ್ದ. ನಾನು ಆಗ ಟಂಟಂನಲ್ಲಿ ಕುಳಿತು ಅವನನ್ನು ಬೈಯುತ್ತಿದ್ದೆ.

"ಒಂದ್ ಬಸಿ ಸುದ್ದಾ ಒಡದಿಲ್ಲಂತ," ಎಂದಳು ಅವ್ವ ಒಲೆಯ ಮುಂದಿನಿಂದ. "ಹಂಗಾದ್ರ ಮನೀಗಿ ಚಹಾಕ್ಕ ಕರೀಬಹುದು." ಅಪ್ಪ ನನ್ನನ್ನು ಒಮ್ಮೆ, ಅವ್ವನನ್ನು ಒಮ್ಮೆ ನೋಡಿ, ನಿಧಾನವಾಗಿ ನಗತೊಡಗಿದ.

ಶನಿವಾರ ಬಸವಕಲ್ಯಾಣದ ಅಂಗಡಿಯಲ್ಲಿ ಪೆಟ್ಟಿಗೆ ಒಂದೇ ಸಲಕ್ಕೆ ಎದ್ದಿತು. ತೊಗರಿ ಚೀಲ ಇಟ್ಟರು, ಇಳಿಸಿದರು, ಮತ್ತೆ ಇಟ್ಟರು. ಬೋರ್ಡು ಒಮ್ಮೆಯೂ ತಪ್ಪಲಿಲ್ಲ. ಭಾಯಿ ಹೊರಡಲು ಗಾಡಿಯ ಬಾಗಿಲು ತೆಗೆದರು. ನಾನು ಬಸ್ ಸ್ಟ್ಯಾಂಡಿಗೆ ಹೋಗುವುದಿದೆ ಎಂದೆ.

"ಏನು ಕೆಲಸ?"

"ಡ್ರೈವರ್‌ದು."

"ಅದು ಪೂರಾ ಆತಲ್ಲ ಬೇಟಿ?"

"ಇನ್ನೊಂದು ಬಾಕಿ ಅದ ಭಾಯ್."

ಅವರು ಗಡ್ಡ ಸವರಿಕೊಂಡು, "ಜಲ್ದಿ ಮುಗಸು," ಎಂದಷ್ಟೇ ಹೇಳಿದರು.

ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತು ನೋಟ್‌ಬುಕ್ಕಿನ ಹಾಳೆ ಹರಿದೆ. ಒಂದು ಸಾಲು ಬರೆದೆ, ಎರಡು ಅಳಿಸಿದೆ. ಮೂರನೆಯ ಹಾಳೆಯಲ್ಲಿ ಕೊನೆಗೆ ಇಷ್ಟು ನಿಂತಿತು.

‘ಡ್ರೈವರ್‌ಗೆ,

ಆ ದಿನ ನಾನು ತಪ್ಪು ಬರೆದೆ. ಗಾಡಿ ಕೆಟ್ಟಿರಲಿಲ್ಲ. ಡೀಸೆಲ್ ಬಂದಿರಲಿಲ್ಲ ಅಷ್ಟೇ. ದಯವಿಟ್ಟು ಮತ್ತೊಮ್ಮೆ ಕೇಳಿರಿ.

ಮಯೂರಿ’

ಹುಲಸೂರಿನ ಬಸ್ಸು ಬಂದು ನಿಂತಿತು. ಮಂದಿ ಇಳಿದು, ಮಂದಿ ಹತ್ತಿದರು. ನಾನು ಮುಂದೆ ನಡೆದು ಡ್ರೈವರನ ಕಿಟಕಿಯ ಕೆಳಗೆ ನಿಂತೆ. ಸಮ್ಯಕ ನನ್ನನ್ನು ಕಂಡು ಬಾಟಲಿಯಿಂದ ಕುಡಿಯುತ್ತಿದ್ದ ನೀರನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ಕಿಸೆಯಲ್ಲಿ ಅದೇ ನೀಲಿ ಪೆನ್ನು ಇತ್ತು.

ಹಾಳೆಯನ್ನು ಮೇಲೆ ಚಾಚಿದೆ.

ನಾಲ್ಕು ಸಾಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಅವನು ಓದಿದ, ಮತ್ತೆ ಮೊದಲಿನಿಂದ ಓದಿದ. ಹಾಳೆಯನ್ನು ಮಡಚಿ ಪೆನ್ನಿನ ಪಕ್ಕದಲ್ಲಿ ಇಟ್ಟುಕೊಂಡ.

"ಸೋಮವಾರದ ಅರ್ಜಿ ಇನ್ನೂ ಕೊಟ್ಟಿಲ್ರಿ," ಎಂದ. ಆಮೇಲೆ ಕಿಟಕಿಯಿಂದ ಸ್ವಲ್ಪ ಬಾಗಿದ. ಎಡ ಹುಬ್ಬು ಒಂದೇ ಮೇಲೇರಿತು.

"ಡೀಸೆಲ್ ಬಂತೇನ್ರಿ?"

"ಬಂತ್ರಿ!" ಎಂದೆ. ನನ್ನ ದನಿ ಎಂದಿನಂತೆ ತಾನಾಗಿ ಏರಿತು, ಈ ಸಲ ನಾನು ಅದನ್ನು ಇಳಿಸಲಿಲ್ಲ. "ಟಾಕಿ ತುಂಬಿ ಬಂದದ!"

ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ಮುಂದಿನ ಸೀಟಿನಲ್ಲಿದ್ದ ರುಮಾಲಿನ ಮುದುಕ ಬೇಸತ್ತು ಕೋಲು ಕುಟ್ಟಿದ. "ಡೀಸೆಲ್ ಬಂದದಂದ್ರ ಇನ್ನ್ಯಾಕ ತಡಾ ಮಾಡ್ತಿ? ಗಾಡಿ ಬಿಡೋ ತಮ್ಮಾ!"

ಸಮ್ಯಕ ನಗುತ್ತ ಗಾಡಿ ಚಾಲೂ ಮಾಡಿದ. ನಾನು ಓಡಿ ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕುಳಿತೆ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಹುಲಸೂರಿನಲ್ಲಿ ನನಗೆ ಯಾರೂ ಇರಲಿಲ್ಲ, ಯಾವ ಕೆಲಸವೂ ಇರಲಿಲ್ಲ.

"ಹುಲಸೂರ ಒಂದು ಕೊಡ್ರಿ," ಎಂದೆ. ಕನ್ನಡಿಯಲ್ಲಿ ಎರಡು ಕಣ್ಣು ನನ್ನ ಕಡೆ ಬಂದು, ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ರಸ್ತೆಗೆ ಮರಳಿದವು.